ಹೋಟೆಲಿನ ಮೇಜುಗಳಾದ ಮಚ್ವೆ

ಮೊಣಕಾಲು ನೋವಿಗೆಂದು ಡಾಕ್ಟರು ಬರೆದುಕೊಟ್ಟ ಮೀನೆಣ್ಣೆಯ ಗುಳಿಗೆಯೊಂದು ಹೋದ ವಾರ ಡಬ್ಬಿಯೊಳಗೇ ಒಡೆದುಹೋಗಿತ್ತು. ಮುಚ್ಚಳ ತೆರೆದದ್ದೇ ತಡ, ಆ ವಾಸನೆ ಮುಖಕ್ಕೆ ರಾಚಿತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಓಡಿದಳು. ನಾನು ಮಾತ್ರ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಅಡುಗೆಮನೆಯ ಮಧ್ಯೆ ನಿಂತೇ ಇದ್ದೆ. ಅತ್ತೆಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು ಪಾಪ. ಅವಳಿಗೆ ಅದು ಔಷಧಿ. ನನಗೆ ಅದು ಬಿಸಿಲಿಗೆ ಕಾದ ಮಚ್ವೆಯ ಹಲಗೆ, ಹಾಯಿಯ ನೆರಳು, ಅಪ್ಪಯ್ಯನ ಅಂಗೈ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಬೇರೆಯವರು ಬಾಗಿಲು ತೆರೆದು ಓಡಿಸುವಂಥದ್ದು, ನೀವು ಮಾತ್ರ ಹಿಡಿದಿಟ್ಟುಕೊಳ್ಳಲು ನೋಡುವಂಥದ್ದು.

ಅರವತ್ತರ ದಶಕದ ಕೊನೆಯ ವರ್ಷಗಳು. ನಾಸಿಕದ ರವಿವಾರ ಕಾರಂಜಾದ ಬಳಿ ದೊಡ್ಡಪ್ಪಯ್ಯನ ಶಾಕಾಹಾರಿ ಹೋಟೆಲು, ಅದರ ಬೆನ್ನಿಗೆ ನಮ್ಮ ಮನೆ. ಊರು ಗಂಗೊಳ್ಳಿ. ಅಣ್ಣ ಘಟ್ಟ ಹತ್ತಿ ಹೋಟೆಲು ಹಾಕಿದ, ತಮ್ಮ, ಅಂದರೆ ನನ್ನ ಅಪ್ಪಯ್ಯ, ಕಡಲಲ್ಲೇ ಉಳಿದ. ಮನೆತನಕ್ಕೆ ಸೇರಿದ ‘ದುರ್ಗಾಪ್ರಸಾದ’ ಎಂಬ ಮಚ್ವೆಗೆ, ಸರಕು ಸಾಗಿಸುವ ಹಾಯಿಹಡಗಿಗೆ, ಅವನೇ ತಾಂಡೇಲ, ಖಲಾಸಿಗಳ ಮುಖ್ಯಸ್ಥ. ಮಳೆಗಾಲ ಮುಗಿದ ಮೇಲೆ ಗಂಗೊಳ್ಳಿಯಿಂದ ಹಂಚು ತುಂಬಿಕೊಂಡು ಮುಂಬಯಿಗೆ ಹೋಗುವುದು, ಬರುವಾಗ ದೊಡ್ಡಪ್ಪಯ್ಯ ನಿಫಾಡ್ ಕಡೆಯಿಂದ ಕಳಿಸಿದ ಈರುಳ್ಳಿ ತುಂಬಿಕೊಂಡು ಬರುವುದು. ಅಮ್ಮ ಮತ್ತು ನಾನು ನಾಸಿಕದಲ್ಲಿ, ಕೂಡುಕುಟುಂಬದ ಒಲೆಯ ಮುಂದೆ. ನಾವೆಲ್ಲ ಮೀನು ತಿಂದು ಬೆಳೆದ ಜನ. ಆದರೆ ಆ ಮನೆಯಲ್ಲಿ ಮೀನು ಕಾಯಿಸುವಂತಿರಲಿಲ್ಲ. ಹಿಂದಿನ ಬಾಗಿಲಿಂದ ಘಮಲು ಹೋಟೆಲಿಗೆ ನುಗ್ಗಿದರೆ ಗಿರಾಕಿ ಎದ್ದು ಹೋಗುತ್ತಾರೆ ಎಂದು ದೊಡ್ಡಪ್ಪಯ್ಯನಿಗೆ ಹೆದರಿಕೆ. ಇಗತಪುರಿ ದಾಟಿ ರೈಲಿನಲ್ಲಿ ಬಂದಿಳಿಯುವ ಅಪ್ಪಯ್ಯನಿಗೂ ಅದೇ ಕಾನೂನು. ಅವನು ಬಂದ ಕೂಡಲೇ ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ಮೈ ತಿಕ್ಕಬೇಕು, ಆಮೇಲೆ ಅಣ್ಣನಿಗೆ ಮುಖ ತೋರಿಸಬೇಕು. ಕಡಲನ್ನು ತೊಳೆದುಕೊಂಡು ಬಂದ ಅಪ್ಪಯ್ಯ ನನಗೆ ಯಾವಾಗಲೂ ಸ್ವಲ್ಪ ಸಣ್ಣಗಾದಂತೆ ಕಾಣುತ್ತಿದ್ದ.

ಒಂದು ದೀಪಾವಳಿಯ ರಜೆಗೆ ಊರಿಗೆ ಹೋಗುವ ಮಾತು ಬಂದಾಗ ನಾನು ಮಚ್ವೆಯಲ್ಲೇ ಬರುತ್ತೇನೆಂದು ಹಟ ಹಿಡಿದೆ. ಹೆಣ್ಣುಮಗುವನ್ನು ಖಲಾಸಿಗಳ ಜೊತೆ ಕಳಿಸುವುದೇ ಎಂದು ದೊಡ್ಡಪ್ಪಯ್ಯ ಹಾರಾಡಿದ. ಮನೆಯಲ್ಲಿ ಬಾಯಿ ಬಿಡದ ಅಮ್ಮ ಆ ದಿನ ಅಪ್ಪಯ್ಯನನ್ನು ಒಳಗೆ ಕರೆದು, “ದೊಡ್ಡವಳಾದ್ ಮೇಲೆ ಇವಳನ್ನ ಯಾರ್ ಕಳ್ಸ್ತ್ರ್? ಈಗಳೇ ಕರ್ಕಂಡ್ ಹೋಯ್ನಿ” ಎಂದಳು. ಅಮ್ಮ ನನಗಾಗಿ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ಬೇರೊಂದಿಲ್ಲ.

ಹಾಗೆ ನಾನು ಕಡಲಿಗಿಳಿದೆ. ಮುಂಬಯಿ ಬಂದರಿನ ಧಕ್ಕೆ ಹಿಂದೆ ಸರಿದು ಹಾಯಿಯಲ್ಲಿ ಗಾಳಿ ತುಂಬಿದಾಗ ಅಪ್ಪಯ್ಯನ ಬೆನ್ನು ನೆಟ್ಟಗಾದದ್ದನ್ನು ನಾನು ಕಣ್ಣಾರೆ ಕಂಡೆ. ನಾಸಿಕದ ಮನೆಯಲ್ಲಿ ಗೋಡೆಗೆ ಆನಿಕೊಂಡು ಓಡಾಡುತ್ತಿದ್ದ ಮನುಷ್ಯ ಇಲ್ಲಿ ಗದರುತ್ತಿದ್ದ, ನಗುತ್ತಿದ್ದ, ಖಲಾಸಿಗಳಿಗೆ ಅಡ್ಡಹೆಸರು ಇಟ್ಟು ಕೂಗುತ್ತಿದ್ದ. ನನಗೆ ದಿಕ್ಕು ಕಲಿಸಲು ಶುರು ಮಾಡಿದ್ದು ಮೊದಲ ಸಂಜೆಯೇ. ತೆಂಕಕ್ಕೆ ಹೋಗುವಾಗ ಧ್ರುವ ನಕ್ಷತ್ರ ಬೆನ್ನ ಹಿಂದೆ ಇರಬೇಕು. ಬೆಳಗಿನ ಗಾಳಿ ನೆಲದಿಂದ ಬೀಸುತ್ತದೆ, ಮಧ್ಯಾಹ್ನದ ಗಾಳಿ ನೀರಿನಿಂದ. ದಡದ ಮೇಲೆ ಎರಡು ಗುರುತು ಹಿಡಿ, ಹತ್ತಿರದ್ದೊಂದು ಮರ, ದೂರದ್ದೊಂದು ಗುಡ್ಡ. ಅವೆರಡೂ ಒಂದರ ಹಿಂದೆ ಒಂದು ನಿಂತಾಗ ನೀನು ಎಲ್ಲಿದ್ದೀ ಎಂದು ನಿನಗೆ ಗೊತ್ತು. ಆದರೆ ನನ್ನನ್ನು ಮರುಳು ಮಾಡಿದ್ದು ಸೀಸದ ಗುಂಡು. ಅದರ ತಳದಲ್ಲಿ ಒಂದು ಗುಳಿ, ಗುಳಿಗೆ ಕೊಬ್ಬು ಮೆತ್ತಿ, ಹಗ್ಗ ಕಟ್ಟಿ ಕಡಲ ತಳಕ್ಕೆ ಇಳಿಸುವುದು. ಆಳ ಎಷ್ಟೆಂದು ಹಗ್ಗ ಹೇಳುತ್ತದೆ, ಜಾಗ ಯಾವುದೆಂದು ಕೊಬ್ಬಿಗೆ ಅಂಟಿಕೊಂಡು ಬಂದ ಮಣ್ಣು ಹೇಳುತ್ತದೆ. “ಇಲ್ಕಾಣ್ ಮಗಾ, ಕಣ್ಣ್ ಮುಚ್ಚಿ ಮೂಸ್ ಕಾಂಬ” ಎಂದು ಅಪ್ಪಯ್ಯ ಅಂಗೈ ಚಾಚುತ್ತಿದ್ದ. ಕರೀ ಕೆಸರು, ಒಡೆದ ಚಿಪ್ಪು, ಹಳದಿ ಮರಳು. ಮಾಲವಣ ಹತ್ತಿರ ಬಂದಾಗ ನಾನು ಮೂಸಿ, ಬೆರಳಲ್ಲಿ ಉಜ್ಜಿ, ಚಿಪ್ಪಿನ ಚೂರು ಸಿಕ್ಕಿದ ಕೂಡಲೇ ಊರಿನ ಹೆಸರು ಹೇಳಿಬಿಟ್ಟೆ. ಅಪ್ಪಯ್ಯ ಚುಕ್ಕಾಣಿ ಹಿಡಿದಿದ್ದ ಖಲಾಸಿಯನ್ನು ಎಬ್ಬಿಸಿ ಆ ಜಾಗದಲ್ಲಿ ನನ್ನನ್ನು ಕೂರಿಸಿದ.

ಮಾಲವಣದಲ್ಲಿ ನೀರು ತುಂಬಿಕೊಳ್ಳಲು ಇಳಿದೆವು. ನೆಲದ ಮೇಲೆ ಕಾಲಿಟ್ಟರೆ ನೆಲವೇ ತೂಗುತ್ತಿತ್ತು. ನಾನು ಕುಡಿದವರ ಹಾಗೆ ವಾಲಾಡುವುದನ್ನು ಕಂಡು ಬಾವಿಕಟ್ಟೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅಪ್ಪಯ್ಯ ಅವರೊಂದಿಗೆ ತನ್ನ ಹರಕು ಮರಾಠಿಯಲ್ಲಿ ಮಾತಿಗೆ ಕೂತ. ಬಾವಿಯ ಸಿಹಿನೀರು ತಲೆಗೆ ಸುರಿದುಕೊಂಡೆ, ಬೆಲ್ಲ ಮೆತ್ತಿದ ಖಾಜಾ ಜಗಿದೆ, ಹಸಿರು ಬಳೆ ತೊಟ್ಟೆ. ಬಂಗಡೆ ಸಾರು ಅನ್ನ ಬಡಿಸಿದ ಒಂದು ಮನೆಯಲ್ಲಿ ಅಪ್ಪಯ್ಯ ಯಾರಿಗೂ ಹೆದರದೆ, ಕೈ ನೆಕ್ಕಿ ನೆಕ್ಕಿ ಉಂಡ. ಊಟವಾದ ಮೇಲೆ ಅವರದೇ ಜಗಲಿಯಲ್ಲಿ ಕಾಲು ಚಾಚಿ ಮಲಗಿಬಿಟ್ಟ. ಅವನು ಹಾಗೆ ಮೈಮರೆತು ಮಲಗಿದ್ದನ್ನು ನಮ್ಮ ಮನೆಯಲ್ಲಿ ನಾನೊಮ್ಮೆಯೂ ನೋಡಿರಲಿಲ್ಲ.

ಗಂಗೊಳ್ಳಿಯ ಅಳಿವೆ ಪೊಗರಿನದು. ನದಿ ಕಡಲಿಗೆ ಸೇರುವ ಆ ಬಾಯಲ್ಲಿ ಮರಳ ದಿಬ್ಬಗಳು ವರ್ಷ ವರ್ಷ ಜಾಗ ಬದಲಿಸುತ್ತವೆ. ಅಲ್ಲಿ ಅಪ್ಪಯ್ಯ ಚುಕ್ಕಾಣಿಯನ್ನು ತಾನೇ ತೆಗೆದುಕೊಂಡ. ನನ್ನ ಮುಖ ಬಾಡಿದ್ದನ್ನು ನೋಡಿ, “ಬಪ್ಪ ವರ್ಷ ಅಳಿವೆ ದಾಟ್ಸುಕೆ ಚುಕ್ಕಾಣಿ ಹಿಡುದ್ ನೀನೇ, ತಿಳೀತಾ?” ಎಂದ. ಅಪ್ಪಯ್ಯ ಬಾಯಿಮಾತಿಗೆ ಹೇಳುವವನಲ್ಲ. ನಾಸಿಕಕ್ಕೆ ವಾಪಸು ಬಂದ ಮೇಲೆ ಶಾಲೆಯ ಪಾಟಿಯ ಮೇಲೆ ಅಳಿವೆಯ ಚಿತ್ರ ಬರೆಯುವುದು, ಅಳಿಸುವುದು, ಇದೇ ನನ್ನ ಕೆಲಸವಾಯಿತು. ದೊಡ್ಡವಳಾಗುವ ಮೊದಲು ಇನ್ನೊಂದೇ ಒಂದು ದೀಪಾವಳಿ ಸಿಗಲಿ ಎಂದು ಕಂಡ ಕಂಡ ದೇವರಿಗೆಲ್ಲ ಹೇಳಿಕೊಂಡೆ.

ದೇವರಿಗೆ ಕೇಳಿಸುವ ಮೊದಲು ದೊಡ್ಡಪ್ಪಯ್ಯನಿಗೆ ಬೇರೆ ಬುದ್ಧಿ ಹೊಳೆಯಿತು. ಈಗ ಸಂಭಾಜಿನಗರ ಎನ್ನುವ ಊರನ್ನು ಆಗ ಔರಂಗಾಬಾದ್ ಎನ್ನುತ್ತಿದ್ದರು. ಅಲ್ಲೊಂದು ಶಾಖೆ ತೆರೆಯಬೇಕು, ಎಲ್ಲೋರಾ ಅಜಂತಾ ನೋಡಲು ಬರುವವರಿಗೆ ಇಡ್ಲಿ ದೋಸೆ ಕೊಡಬೇಕು, ಹಣದ ಗಲ್ಲೆಯ ಮೇಲೆ ಮನೆಯವನೇ ಕೂರಬೇಕು. ಮಳೆಗಾಲದಲ್ಲಿ ಅಪ್ಪಯ್ಯ ಮನೆಗೆ ಬಂದಿದ್ದಾಗ ದೊಡ್ಡಪ್ಪಯ್ಯ ಊಟದ ಎಲೆಯ ಮುಂದೆಯೇ ತೀರ್ಮಾನ ಹೇಳಿದ. “ಲಾರಿ ಬಂದ ಮೇಲೆ ಈ ಹಾಯಿ ಕಟ್ಕಂಡ್ ಎಂತ ಮಾಡುದ್ ಮಾರಾಯ?” ಎಂದ. ಮಾತು ಸುಳ್ಳಲ್ಲ, ಅದೇ ನನಗೆ ಹೆಚ್ಚು ಸಿಟ್ಟು. ಲಾರಿಗಳು ಬಂದಿದ್ದವು, ಹಂಚು ರಸ್ತೆಗೆ ಇಳಿದಿತ್ತು. ಆದರೆ ಇನ್ನೊಂದು ಹಂಗಾಮಾದರೂ ಆ ಮಚ್ವೆ ಓಡಬಹುದಿತ್ತು, ಅದು ಅಪ್ಪಯ್ಯನಿಗೂ ಗೊತ್ತಿತ್ತು. ಅಮ್ಮ ಬಡಿಸುತ್ತಿದ್ದ ಕೈ ನಿಲ್ಲಿಸಿ ಅವನ ಮುಖ ನೋಡಿದಳು. ನಾನೂ ನೋಡಿದೆ. ಎಂಥ ಗಾಳಿಗೂ ಎದುರು ನಿಲ್ಲುತ್ತಿದ್ದ ಮನುಷ್ಯ ಅನ್ನ ಕಲೆಸುತ್ತ, “ಅಣ್ಣ ಹೇಳಿದಂಗೆ ಆಯ್ಲಿ” ಎಂದ. ಅಣ್ಣನೆದುರು ಇಲ್ಲ ಎನ್ನುವುದನ್ನು ಆ ಮನೆಯಲ್ಲಿ ಯಾರೂ ಕಲಿತಿರಲಿಲ್ಲ. ಒಗ್ಗಟ್ಟಿನ ಮನೆ ಎಂದು ಬೀದಿಯೆಲ್ಲ ನಮ್ಮನ್ನು ಹೊಗಳುತ್ತಿತ್ತು. ಆ ಒಗ್ಗಟ್ಟಿನ ಮೇಲೆ ನನಗೆ ಇಂದಿಗೂ ಕಹಿ ಹೋಗಿಲ್ಲ.

ಮಚ್ವೆ ಕೊಳ್ಳುವವರು ಸಿಗಲಿಲ್ಲ. ಆಗ ದೊಡ್ಡಪ್ಪಯ್ಯ ತನ್ನ ಜಾಣತನದ ಶಿಖರಕ್ಕೆ ಏರಿದ. ಇಂಥ ಸಾಗುವಾನಿ ಎಲ್ಲಿ ಸಿಗುತ್ತದೆ, ವ್ಯರ್ಥ ಯಾಕೆ, ಬಿಚ್ಚಿಸಿ ಹೊಸ ಹೋಟೆಲಿಗೆ ಮೇಜು ಬೆಂಚು ಮಾಡಿಸೋಣ ಎಂದ. ಅಪ್ಪಯ್ಯ, ಅಮ್ಮ, ನಾನು ಔರಂಗಾಬಾದಿಗೆ ಬಂದೆವು, ಹಿಂದೆಯೇ ಲಾರಿಯಲ್ಲಿ ಹಲಗೆಗಳೂ ಬಂದವು. ಬಡಗಿ ಹತ್ತರಿ ಹೊಡೆದು ಮಿರಮಿರ ಹೊಳೆಯಿಸಿದ. ಅಪ್ಪಯ್ಯ ತನ್ನ ಮಚ್ವೆಯ ನಡುವೆಯೇ ಗಲ್ಲೆ ಇಟ್ಟುಕೊಂಡು ಕೂತ. ಚಳಿಗಾಲವೇನೋ ಕಳೆಯಿತು. ಆಮೇಲೆ ಮರಾಠವಾಡದ ಬೇಸಿಗೆ ಬಂತು. ಮರ ಲಡ್ಡಾಗದಿರಲೆಂದು ವರ್ಷ ವರ್ಷ ಮೀನೆಣ್ಣೆ ಕುಡಿಸಿ ಕುಡಿಸಿ ಬೆಳೆಸಿದ ಹಲಗೆಗಳವು. ಅವು ಕಡಲು ಮರೆಯಲಿಲ್ಲ, ಬೆವರತೊಡಗಿದವು. ಹಣೆಗೆ ಗಂಧ ಹಚ್ಚಿಕೊಂಡಿದ್ದ ಯಜಮಾನರೊಬ್ಬರು ದೋಸೆ ಮುರಿಯುತ್ತಿದ್ದ ಕೈ ಹಿಂದಕ್ಕೆಳೆದುಕೊಂಡು, “ಶೇಟ್, ಟೇಬಲಾಲಾ ಮಾಸಳೀಚಾ ವಾಸ ಯೇತೋಯ್!” ಎಂದು ಕೂಗಿದರು. ಶಾಕಾಹಾರಿ ಹೋಟೆಲಿನ ಮೇಜಿನಿಂದಲೇ ಮೀನಿನ ವಾಸನೆ! ದೊಡ್ಡಪ್ಪಯ್ಯ ನಾಸಿಕದಿಂದ ಓಡಿ ಬಂದ. ನಿಂಬೆಹಣ್ಣು, ಸೀಗೆಪುಡಿ, ಕರ್ಪೂರ, ಊದಿನಕಡ್ಡಿ, ಏನು ಮಾಡಿದರೂ ವಾಸನೆ ಹೋಗಲಿಲ್ಲ. ಜೀವಮಾನವೆಲ್ಲ ಹಿಂದಿನ ಬಾಗಿಲಲ್ಲಿ ತಡೆದಿದ್ದನ್ನು ತಾನೇ ಲಾರಿ ಮಾಡಿ ಮುಂದಿನ ಬಾಗಿಲಿಂದ ತಂದಿದ್ದ. ನಾನು ಒಳಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ, ನಕ್ಕು ನಕ್ಕು ಅಳು ಬಂತು.

ಕಡೆಗೆ ಮೇಜುಗಳೆಲ್ಲ ಹಿತ್ತಲಿಗೆ ಹೋದವು, ಹಿತ್ತಲಿಂದ ಒಲೆಗೆ ಹೋದವು. ಎಣ್ಣೆ ಕುಡಿದ ಮರ ಭರ್ರೆಂದು ಉರಿಯಿತು. ಅದರ ಮೇಲೆ ಸಾಂಬಾರು ಕುದಿಯಿತು. ಅಡುಗೆಯವರು ಸೀಳುವ ಸದ್ದು ಹೊರಗೆ ಕೇಳುತ್ತಿದ್ದರೂ ಅಪ್ಪಯ್ಯ ಗಲ್ಲೆಯಿಂದ ಏಳಲಿಲ್ಲ. ತಗಡಿನ ಮೇಜುಗಳು ಬಂದವು. ಆಮೇಲಿನ ವರ್ಷಗಳಲ್ಲಿ ಅವನು ಆ ಊರಿನ ಒಂದು ಬೀದಿಯನ್ನೂ ಕಲಿಯಲಿಲ್ಲ. ಪೈಠಣ್ ಗೇಟ್ ಯಾವ ಕಡೆ ಎಂದು ಗಿರಾಕಿಗಳು ಕೇಳಿದರೆ ಮಾಣಿಯನ್ನು ಕರೆದು ಅವನಿಂದ ಹೇಳಿಸುತ್ತಿದ್ದ. ಮಣ್ಣು ಮೂಸಿ ಊರು ಹೇಳುತ್ತಿದ್ದವನಿಗೆ ಇದೇನಾಯಿತು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಒಮ್ಮೆ ಕೇಳಿಯೂಬಿಟ್ಟೆ. ಅವನು ಬೇಸರವಿಲ್ಲದೆ, “ಇಲ್ಲಿಂದ ನಂಗೆ ಎಲ್ಲಿಗ್ ಹೋಪುಕಿತ್ತ್ ಮಗಾ?” ಎಂದ. ಅಷ್ಟರಲ್ಲಿ ನಾನೂ ದೊಡ್ಡವಳಾಗಿದ್ದೆ, ನನಗೂ ಎಲ್ಲಿಗೂ ಹೋಗುವುದಿರಲಿಲ್ಲ.

ಅವನು ಸತ್ತದ್ದು ಗಲ್ಲೆಯ ಮೇಲೆಯೇ, ಒಂದು ಮಧ್ಯಾಹ್ನ, ಹೋಟೆಲು ತುಂಬಿದ್ದಾಗ. ಅಸ್ಥಿಯನ್ನು ಗಂಗೊಳ್ಳಿಯ ಅಳಿವೆಯಲ್ಲಿ ಬಿಡಬೇಕೆಂದು ಅಮ್ಮ ಕೇಳಿಕೊಂಡಳು. ಮದುವೆಯಾಗಿ ಬಂದ ಮೇಲೆ ಅವಳು ಭಾವನನ್ನು ಬಾಯಿ ಬಿಟ್ಟು ಕೇಳಿದ್ದು ಅದೊಂದನ್ನೇ. ಗೋದಾವರಿಯ ರಾಮಕುಂಡ ನಾಸಿಕದ ಮನೆಯ ಹತ್ತಿರವೇ ಇರುವಾಗ ಅಷ್ಟು ದೂರ ಯಾಕೆ, ಲೋಕದ ಜನವೆಲ್ಲ ಇಲ್ಲಿಗೇ ಬರುತ್ತಾರೆ ಎಂದು ದೊಡ್ಡಪ್ಪಯ್ಯ ಮಾತು ಮುಗಿಸಿದ. ಬೆಳಿಗ್ಗೆ ಗೋದಾವರಿಯ ಮೆಟ್ಟಿಲ ಮೇಲೆ ನಿಂತಾಗ ನನ್ನಿಂದ ತಡೆಯಲಾಗಲಿಲ್ಲ. “ದೊಡ್ಡಪ್ಪಯ್ಯ, ಇದ್ ಮೂಡ್ ಬದಿಗೆ ಹೋಪು ನೀರ್. ಅಪ್ಪಯ್ಯನ ಕಡ್ಲ್ ಪಡು ಬದಿಗಿತ್ತ್” ಎಂದೆ. “ಎಲ್ಲಾ ನೀರೂ ಕಡ್ಲಿಗೇ ಸೇರುದ್, ಸುಮ್ನಿರ್” ಎಂದ. ಅವನ ಕಣ್ಣಲ್ಲೂ ನೀರಿತ್ತು, ಅದನ್ನು ಇಲ್ಲ ಎನ್ನಲಾರೆ. ಅಪ್ಪಯ್ಯನಿಗೆ ಗಂಡುಮಕ್ಕಳಿಲ್ಲದ್ದರಿಂದ ದೊಡ್ಡಪ್ಪಯ್ಯನ ಮಗ ಬೂದಿಯನ್ನು ನೀರಿಗೆ ಬಿಟ್ಟ. ಆ ನೀರು ನಿಫಾಡಿನ ಹೊಲಗಳನ್ನು ದಾಟಿ, ಅಪ್ಪಯ್ಯ ಸತ್ತ ಊರಿನ ತೆಂಕಕ್ಕೆ ಪೈಠಣವನ್ನು ಹಾದು, ಇಡೀ ನಾಡಿಗೆ ನಾಡೇ ಅಡ್ಡ ನಡೆದು, ಅವನು ಒಮ್ಮೆಯೂ ಕಾಣದ ಮೂಡುಗಡಲಿಗೆ ಹೋಗಿ ಬೀಳುತ್ತದೆ. ಮೆಟ್ಟಿಲ ಮೇಲಿದ್ದ ಅಷ್ಟೂ ಜನರಲ್ಲಿ ಅದು ನನಗೊಬ್ಬಳಿಗೆ ಮುಖ್ಯವಾಗಿತ್ತು, ಏಕೆಂದರೆ ದಿಕ್ಕು ನೋಡುವುದನ್ನು ಅವನು ಕಲಿಸಿದ್ದು ನನಗೊಬ್ಬಳಿಗೆ. ಕಲಿಸದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನಿಸಿದ್ದು ಅದೊಂದೇ ಬೆಳಿಗ್ಗೆ.