ಪೂವಯ್ಯ ಸಾಕಿದ ಹವಳ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ನನಗೆ ಸುಂಟಿಕೊಪ್ಪದ ಶಾಲೆಗೆ ವರ್ಗವಾಯಿತು. ಬಾಡಿಗೆಗೆ ಸಿಕ್ಕಿದ ಮನೆಗೂ ಪಕ್ಕದ ಪೂವಯ್ಯನ ಮನೆಗೂ ನಡುವೆ ಒಂದೇ ಗೋಡೆ. ಪೂವಯ್ಯ ರಸ್ತೆಯ ಬದಿಯಲ್ಲಿ ಟಯರು, ಟ್ಯೂಬುಗಳ ಪಂಕ್ಚರ್ ಸರಿಪಡಿಸುವ ಅಂಗಡಿ ಇಟ್ಟುಕೊಂಡಿದ್ದ. ಹುಟ್ಟಿದ್ದು ಭಾಗಮಂಡಲದ ಕಡೆಯ ಗೌಡರ ಮನೆಯಲ್ಲಿ. ಅಣ್ಣಂದಿರು ಗದ್ದೆಯನ್ನು ನೋಡಿಕೊಂಡರು. ಇವನು ಲಾರಿಯ ಕ್ಲೀನರಾಗಿ ಹೊರಟು, ಕೆಲವು ವರ್ಷ ಕಾಫಿಮೂಟೆಗಳ ಜೊತೆ ಮಂಗಳೂರಿನ ಬಂದರಿಗೆ ಓಡಾಡಿದ. ಮದುವೆಯಾದ ಮೇಲೆ ಓಡಾಟ ಬಿಟ್ಟು ಇಲ್ಲಿ ನೆಲೆಸಿದ್ದ. ಮಾತು ಕಡಿಮೆ. ಮಾಡುವ ಕೆಲಸದ ಮೇಲೆ ಬಾಗಿಕೊಂಡೇ ಬಂದವರಿಗೆ ಉತ್ತರ ಕೊಡುತ್ತಿದ್ದ.

ಆ ಬಂದರಿಗೆ ಪಡುವಣ ಸಮುದ್ರದ ದ್ವೀಪಗಳ ಹಾಯಿದೋಣಿಗಳು ತೆಂಗಿನ ಹುರಿಯನ್ನೂ ಬೆಲ್ಲವನ್ನೂ ತರುತ್ತಿದ್ದುವು. ಲಾರಿಯ ಕೆಲಸ ಬಿಡುವ ಮುನ್ನ ಕೊನೆಯ ಸಲ ಹೋಗಿದ್ದಾಗ, ದೋಣಿಯವನೊಬ್ಬನ ಮರದ ಬಾನಿಯಲ್ಲಿ ಪೂವಯ್ಯ ಒಂದು ಕಲ್ಲನ್ನು ಕಂಡ. ಸುಲಿದ ತೆಂಗಿನಕಾಯಿಯಷ್ಟು ದಪ್ಪ. ಹದವಾಗಿ ಹುರಿದ ಕಾಫಿಬೀಜದ ಬಣ್ಣ. ಸಂಜೆಯಾಗುತ್ತಲೇ ಅದರ ಮೈಮೇಲಿನ ಗುಳಿಗಳಿಂದ ಎಳೆಯ ಬೆರಳುಗಳಂಥವು ಹೊರಗೆ ಬಂದು ನೀರಿನಲ್ಲಿ ಆಡತೊಡಗಿದುವು. ಇದು ಬರೀ ಕಲ್ಲಲ್ಲ, ಕಲ್ಲಿನ ಮನೆ ಕಟ್ಟಿಕೊಂಡ ಪುಟ್ಟ ಜೀವಿಗಳ ಸಂಸಾರ, ಹವಳದ ಜಾತಿ ಎಂದು ದೋಣಿಯವನು ಮಲಯಾಳ ಮಾತಿನಲ್ಲಿ ಹೇಳಿದನಂತೆ. ಪೂವಯ್ಯ ಅದನ್ನು ಕೇಳಿ ಪಡೆದು, ಬಾನಿಯ ಸಮೇತ ಘಟ್ಟ ಹತ್ತಿಸಿಕೊಂಡು ಬಂದ.

ಊರಿಗೆ ಬಂದವನು ಹಳೆಯ ಲಾರಿಯ ಮುಂಗಾಜನ್ನು ಕತ್ತರಿಸಿ ತೇಗದ ಚೌಕಟ್ಟಿಗೆ ಕೂರಿಸಿ, ಸಂದುಗಳಿಗೆ ರಬ್ಬರು ಒತ್ತಿ ಒಂದು ತೊಟ್ಟಿ ಮಾಡಿದ. ಅವನ ಮನೆಯಲ್ಲಿ ವಿದ್ಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಒಂದು ಲಾರಿ ಟ್ಯೂಬಿಗೆ ಪಂಪು ಹೊಡೆದು, ಅದರ ಬಾಯಿಗೆ ಸಪೂರವಾದ ನಳಿಗೆಯನ್ನು ಸಿಕ್ಕಿಸಿ ನೀರಿಗೆ ಇಳಿಬಿಡುತ್ತಿದ್ದ. ಗಾಳಿ ಗುಳ್ಳೆಗುಳ್ಳೆಯಾಗಿ ಏಳುತ್ತ ಸಂಜೆಯವರೆಗೆ ಬರುತ್ತಿತ್ತು. ಸಮುದ್ರದ ನೀರನ್ನು ಸಂತೆಗೆ ಮೀನು ತರುತ್ತಿದ್ದ ಲಾರಿಯ ಬ್ಯಾರಿ ವ್ಯಾಪಾರಿ ಗಾಜಿನ ಜಾಡಿಗಳಲ್ಲಿ ತಂದುಕೊಡುತ್ತಿದ್ದ. ಆ ಲಾರಿಯ ಚಕ್ರಗಳನ್ನು ಪೂವಯ್ಯ ನೋಡಿಕೊಳ್ಳುತ್ತಿದ್ದ. ಹವಳವೆಂದರೆ ಹೆಂಗಸರ ಸರದ ಕೆಂಪು ಮಣಿ ಎಂದಷ್ಟೇ ತಿಳಿದಿದ್ದ ಊರಿನವರು ಬಂದು ನೋಡಿ, ಹಗಲಿನಲ್ಲಿ ಅದು ಸುಮ್ಮನೆ ಕುಳಿತಿರುವುದನ್ನು ಕಂಡು, ‘ಕಲ್ಲು ಸಾಕುವ ಪೂವಯ್ಯ’ ಎಂದು ಹೆಸರಿಟ್ಟರು. ಅವನು ಅದಕ್ಕೂ ತಲೆಯೆತ್ತಲಿಲ್ಲ.

ಪೂವಯ್ಯನ ಹೆಂಡತಿ ನೀಲಾವತಿ. ಅವಳ ಅಕ್ಕ ಬೋಜಮ್ಮ. ಬೋಜಮ್ಮನ ಗಂಡ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ಹೆಡ್ ರೈಟರು. ಅವರು ಆ ವರ್ಷ ಪೇಟೆಯ ಅಂಚಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಮುಂದಿನ ಕೋಣೆಗೆ ಗಾಜಿನ ಬಾಗಿಲಿನ ಬೀರು ಬರಲಿತ್ತು. ಎಸ್ಟೇಟಿನ ದೊರೆಯ ಬಂಗಲೆಯಲ್ಲಿ ಅಂಥ ಬೀರುವಿನೊಳಗೆ ಬಿಳಿಯ ಹವಳದ ಕಲ್ಲೊಂದನ್ನು ಬೋಜಮ್ಮ ಕಂಡಿದ್ದಳು. ತನ್ನ ಬೀರುವಿಗೂ ಒಂದು ಬೇಕೆಂದು ಅವಳು ತಂಗಿಯ ಗಂಡನನ್ನು ಬಿಡದೆ ಕೇಳುತ್ತಿದ್ದಳು. ಜೀವವಿರುವಾಗ ಅದು ಬಿಳಿಯಾಗಿರುವುದಿಲ್ಲ, ಬೀರುವಿನಲ್ಲಿ ಬದುಕುವುದೂ ಇಲ್ಲ ಎಂದು ಪೂವಯ್ಯ ತಿಳಿಸಿ ಹೇಳಿದ. ಕೊನೆಗೆ ನಗುತ್ತ ಒಂದು ಮಾತು ಕೊಟ್ಟ.

“ಸತ್ರೆ ನಿಮ್ಗೇ, ಅಕ್ಕ.”

ಬೋಜಮ್ಮ ಅದನ್ನು ನಗೆಮಾತಾಗಿ ತೆಗೆದುಕೊಳ್ಳಲಿಲ್ಲ. ಪೂವಯ್ಯನಾದರೂ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ಜಾಯಮಾನದವನಲ್ಲ.

ಬೇಸಗೆಯೆಲ್ಲ ಕಿಟಕಿಯ ಬಳಿ ಹವಳ ಚೆನ್ನಾಗಿಯೇ ಇತ್ತು. ಆಮೇಲೆ ಮಳೆ ಹಿಡಿಯಿತು. ಆ ತಿಂಗಳುಗಳಲ್ಲಿ ಈ ಕಡೆ ಕಾಪಾಡಬೇಕಾದ ಯಾವ ವಸ್ತುವಿದ್ದರೂ ಅದಕ್ಕೆ ಒಲೆಯೇ ಗತಿ. ಉಪ್ಪಿನ ಮಡಕೆ, ಬೆಂಕಿಪೆಟ್ಟಿಗೆ, ಬಿತ್ತನೆಯ ಬೀಜ, ಚರ್ಮದ ಮೆಟ್ಟು, ಕೋವಿಯ ತೋಟೆ, ಎಲ್ಲವೂ ಒಲೆಯ ಹಿಂದಿನ ಕಟ್ಟೆಗೆ ಬಂದು ಸೇರುತ್ತವೆ. ಸಮುದ್ರ ಬೆಚ್ಚಗಿರುತ್ತದೆ, ಈ ಥಂಡಿಯಲ್ಲಿ ಪಾಪದ ಜೀವ ಸತ್ತೇ ಹೋದೀತು ಎಂದು ನೀಲಾವತಿ ಹೇಳಿದಳು. ಪೂವಯ್ಯನಿಗೂ ಸರಿಯೆನಿಸಿತು. ಇಬ್ಬರೂ ಸೇರಿ ತೊಟ್ಟಿಯನ್ನು ಆ ಕಟ್ಟೆಯ ಮೇಲೆ, ಉಪ್ಪಿನ ಮಡಕೆಯ ಪಕ್ಕದಲ್ಲಿ ಇರಿಸಿದರು. ಅಲ್ಲಿ ಹೊರಗಿನ ಬೆಳಕು ಕಡಿಮೆ, ಬೆಂಕಿ ಮಾತ್ರ ಹಗಲೆಲ್ಲ ಉರಿಯುತ್ತಿತ್ತು. ನೀರು ಆರಿ ಇಳಿದಾಗಲೆಲ್ಲ ಪೂವಯ್ಯ ಜಾಡಿಯಿಂದ ಸಮುದ್ರದ ನೀರನ್ನು ಸುರಿದು ಮಟ್ಟ ಸರಿಮಾಡುತ್ತಿದ್ದ.

ಹವಳದ ಕಂದುಬಣ್ಣ ಮೊದಲು ತಿಳಿಯಾಯಿತು. ಆಮೇಲೆ ನೆತ್ತಿಯ ಕಡೆಯಿಂದ ಬಿಳುಪು ಇಳಿಯುತ್ತ ಬಂದಿತು. ಸಂಜೆ ಬೆರಳುಗಳು ಹೊರಗೆ ಬರುವುದು ನಿಂತಿತು. ಬೋಜಮ್ಮ ಸಂತೆಗೆ ಬಂದವಳು ಒಳಗೆ ಬಂದು ನೋಡಿದಳು.

“ಈಗ ಆಗುಟ್ಟು ನೋಡ್ ಚಂದ,” ಎಂದು ಬಿಳುಪನ್ನು ಮೆಚ್ಚಿದಳು. “ಮೊದ್ಲು ಸಗಣಿ ಉಂಡೆನಂಗೆ ಇತ್ತ್.”

“ಅದ್ ಚಂದ ಆದ್ದಲ್ಲ ಅಕ್ಕ, ಸೊರಗ್ದು,” ಎಂದ ಪೂವಯ್ಯ.

“ಕಲ್ಲ್‌ಗೆ ಜ್ವರ ಬಂದುಟ? ಹಂಗಾರೆ ಡಾಕ್ಟರ್ನ ಕರ್ಸು ಪೂವಯ್ಯ.”

ಹುತ್ತರಿ ಹಬ್ಬ ಕಳೆದ ಮೇಲೆ ಹೊಸ ಮನೆಯ ಒಕ್ಕಲು, ಅಷ್ಟರೊಳಗೆ ಅದನ್ನು ತೊಳೆದು ಒಣಗಿಸಿ ಕೊಟ್ಟರೆ ಸಾಕು ಎಂದು ಹೇಳಿ ಅವಳು ಹೋದಳು. ಮೈ ಬೆಳ್ಳಗಾದರೂ ಒಳಗೆ ಇನ್ನೂ ಜೀವವಿರಬಹುದೆಂದು ಪೂವಯ್ಯನ ಎಣಿಕೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಲೋಳೆಯಂಥ ತೆಳುವಾದ ಚರ್ಮ ಇನ್ನೂ ಕೈಗೆ ತಾಕುತ್ತಿತ್ತು. ಇಷ್ಟು ಕಷ್ಟವೇಕೆ, ಹೇಗೂ ಅದರ ಊರು ಇದಲ್ಲವಲ್ಲ ಎಂದು ನಾನು ಅವನನ್ನು ಒಮ್ಮೆ ಕೇಳಿದೆ. ಅವನು ಅಂದು ಮಾತ್ರ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದ.

“ಅದ್ನ ತಂದದ್ ನಾನ್, ಮೇಷ್ಟ್ರೆ. ಅದಾಗೆ ಬರ್ತೇನೆಂತ ಹೇಳಿತಿಲ್ಲೆ.”

ತಪ್ಪು ಎಲ್ಲಿದೆಯೆಂಬುದು ಗೊತ್ತಾದದ್ದು ನೀಲಾವತಿ ಕಟ್ಟೆ ಒರೆಸುವಾಗ. ತೊಟ್ಟಿಯ ಅಂಚಿನಲ್ಲಿ ಬಿಳಿಯ ಹಕ್ಕಳೆ ಕಟ್ಟಿತ್ತು. ಅದನ್ನು ಉಜ್ಜಿದವಳು ನೀರಿನಲ್ಲಿ ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು. ಇಡಿಮಾವಿನಕಾಯಿಯನ್ನು ಉಪ್ಪುನೀರಿನಲ್ಲಿ ಹಾಕಿಡುವುದರಲ್ಲಿ ಅವಳ ಕೈ ಪಳಗಿತ್ತು.

“ನನ್ನ ಮಾವಿನ ಭರಣಿಯಿಂದಲೂ ಉಪ್ಪು ಉಟ್ಟಲ್ಲ ಇದ್! ಬತ್ತಿದ ಉಪ್ಪುನೀರ್‌ಗೆ ಪುನಃ ಉಪ್ಪುನೀರ್ ಹಾಕುದು ಉಟ್ಟಾ?”

ಪೂವಯ್ಯ ಹಣೆ ಹಿಡಿದುಕೊಂಡು ಕುಳಿತ. ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಅವನು ತಿಂಗಳುಗಟ್ಟಲೆ ಆ ಜೀವವನ್ನು ಬಿಸಿಯಲ್ಲಿ, ಕತ್ತಲಲ್ಲಿ, ಏರುತ್ತಿರುವ ಉಪ್ಪಿನಲ್ಲಿ ಕೂರಿಸಿದ್ದ. ಒಲೆಯ ಬಳಿಗೆ ತರಲು ಹೇಳಿದವಳು ತಾನೇ ಎಂದು ನೀಲಾವತಿ ಅತ್ತಳು. ಹೊತ್ತು ತಂದವನು ತಾನು ಎಂದು ಅವನು ಹೇಳಿದ. ಆ ವಿಷಯ ಅಲ್ಲಿಗೆ ಮುಗಿಯಿತು.

ಎಲ್ಲವನ್ನೂ ಒಂದೇ ದಿನ ಸರಿಮಾಡಲು ಅವನು ಹೋಗಲಿಲ್ಲ. ಬಿಸಿಯಾದ ಟಯರಿಗೆ ತಣ್ಣೀರು ಹೊಯ್ಯಬಾರದು ಎಂದಷ್ಟೇ ಹೇಳಿದ. ಬೆಂಕಿಯನ್ನು ಸಣ್ಣದು ಮಾಡಿ, ಕಟ್ಟೆಯ ಮೇಲೆಯೇ ತೊಟ್ಟಿಯನ್ನು ದಿನಕ್ಕಿಷ್ಟು ದೂರ ಸರಿಸಿ, ಕೊನೆಗೆ ನಡುಮನೆಗೆ ತಂದರು. ಒಲೆಯ ಗೋಡೆಯ ಈಚೆ ಮಗ್ಗುಲಾದ್ದರಿಂದ ಆ ಜಾಗ ಹದವಾಗಿ ಬೆಚ್ಚಗಿರುತ್ತಿತ್ತು. ಮಾಡಿನಿಂದ ಇಳಿಯುವ ನೀರಿನಲ್ಲಿ ಹೊಗೆಯ ಮಸಿ ಇರುತ್ತದೆಂದು, ಅಂಗಳದ ನಡುವೆ ಮಣ್ಣಿನ ಬಾನಿ ಇಟ್ಟು ನೇರವಾಗಿ ಬಿದ್ದ ಮಳೆಯ ನೀರನ್ನು ಹಿಡಿದರು. ಅದನ್ನು ದಿನವೂ ಒಂದು ಚಿಪ್ಪಿನಲ್ಲಿ ಸ್ವಲ್ಪ ಸ್ವಲ್ಪವೇ ತೊಟ್ಟಿಗೆ ಸೇರಿಸಿದರು. ನೀಲಾವತಿ ನಾಲಗೆಯಿಂದ ನೋಡಿ, ಬ್ಯಾರಿ ತಂದ ಹೊಸ ನೀರಿನ ರುಚಿಗೆ ಅದು ಸಮವಾಗುವವರೆಗೆ ಹೂಂ ಅನ್ನಲಿಲ್ಲ.

ಉಳಿದದ್ದು ಬೆಳಕು; ಕಿಟಕಿಯ ಬಳಿ ಇದ್ದಾಗ ತಾನೆ ಅದು ಚೆನ್ನಾಗಿದ್ದದ್ದು. ಮಾಡಿನ ನಾಲ್ಕು ಹೆಂಚು ತೆಗೆದು ಪೂವಯ್ಯ ಗಾಜಿನ ಹೆಂಚು ಕೂರಿಸಿದ. ಆದರೆ ಕತ್ತಲಿನಲ್ಲಿ ಸೊರಗಿದ್ದಕ್ಕೆ ಒಮ್ಮೆಲೇ ಬೆಳಕು ಬಿಟ್ಟರೆ ಸುಡುತ್ತದೆಂದು ಅವನಿಗೆ ತೋಚಿತು. ಕಾಫಿಯ ನರ್ಸರಿಯಲ್ಲಿ ಸಸಿಗಳ ಮೇಲಿನ ಚಪ್ಪರದ ಸೊಪ್ಪನ್ನು ವಾರವಾರಕ್ಕೂ ಅಷ್ಟಷ್ಟೇ ಕಡಿಮೆ ಮಾಡುವುದನ್ನು ಕಾಣದವರು ಇಲ್ಲಿ ಯಾರೂ ಇಲ್ಲ. ಅವನು ತೊಟ್ಟಿಯ ಮೇಲೆ ಗೋಣಿಯನ್ನು ಹಾಸಿ, ವಾರಕ್ಕಷ್ಟು ಎಳೆಗಳನ್ನು ಬಿಡಿಸುತ್ತ ಬಂದ. ಸಂಜೆ ಸೀಗಡಿಯನ್ನು ನುಣ್ಣಗೆ ಅರೆದು ಒಂದೆರಡು ಹನಿ ಬಿಡುತ್ತಿದ್ದ. ಉಂಡದ್ದು ಕಾಣದಿದ್ದರೆ ನೀರು ಕೆಡದಂತೆ ತೆಗೆದುಬಿಡುತ್ತಿದ್ದ. ಬಹಳ ದಿನ ಏನೂ ಕಾಣಲಿಲ್ಲ.

ಮಳೆ ಹಿಂದೆಗೆದು ಬಿಸಿಲು ಬರತೊಡಗಿದಾಗ, ಹವಳದ ಬುಡದ ಕಡೆ ಒಂದು ಮಬ್ಬು ಕಂದು ಕಾಣಿಸಿತು. ಗಾಜಿನ ನೆರಳಿರಬಹುದೆಂದು ನಾನು ಹೇಳಿದೆ. ಮುಂದಿನ ವಾರಕ್ಕೆ ಅದು ನೆರಳಲ್ಲವೆಂದು ಯಾರು ಬೇಕಾದರೂ ಹೇಳಬಹುದಾಗಿತ್ತು. ಆದರೆ ಬಣ್ಣ ಅರ್ಧದವರೆಗೆ ಏರಿ ನಿಂತುಬಿಟ್ಟಿತು. ನೆತ್ತಿಯ ಕಡೆಯ ಅರ್ಧ ಬರೀ ಕಲ್ಲಾಗಿತ್ತು. ಅದರ ಮೇಲೆ ಹಸಿರು ಪಾಚಿ ಹತ್ತಿ, ಜೀವವಿರುವ ಕಡೆಗೆ ಇಳಿಯಲು ಶುರುಮಾಡಿತ್ತು.

ಹುತ್ತರಿ ಕಳೆಯಿತು. ಬೋಜಮ್ಮ ಕೇಳಲು ಬಂದಳು. ಅರ್ಧ ಬದುಕಿದೆ ಎಂದು ಪೂವಯ್ಯ ತೋರಿಸಿದ. ಸತ್ತದ್ದು ತನಗೆಂಬ ಮಾತಾಗಿದೆ, ಸತ್ತಿರುವುದು ಕಣ್ಣಿಗೇ ಕಾಣುತ್ತಿದೆ ಎಂದು ಅವಳು ಪಟ್ಟು ಹಿಡಿದಳು. ನೀಲಾವತಿ ಅಕ್ಕನ ಮೇಲೆ ರೇಗಿದಳು. ಪೂವಯ್ಯ ಮಾತ್ರ ಬೋಜಮ್ಮನ ಮಾತು ನ್ಯಾಯವೇ ಎಂದ. ಆ ಸತ್ತ ಭಾಗ ಅಲ್ಲಿಯೇ ಇದ್ದರೆ ಪಾಚಿ ಉಳಿದದ್ದನ್ನೂ ಮುಚ್ಚುತ್ತದೆ; ಕೊಯ್ದರೆ ಕೊಯ್ದ ಏಟಿಗೇ ಉಳಿದದ್ದು ಸಾಯಬಹುದು. ಎರಡು ದಿನ ಅವನು ಅಂಗಡಿಯಿಂದ ನಡುನಡುವೆ ಎದ್ದು ಬಂದು ಪಾಚಿ ಎಲ್ಲಿಗೆ ಇಳಿದಿದೆಯೆಂದು ನೋಡಿ ಹೋದ. ಮೂರನೆಯ ಬೆಳಿಗ್ಗೆ ಕಬ್ಬಿಣ ಕೊಯ್ಯುವ ಗರಗಸವನ್ನು ಕುದಿಯುವ ನೀರಿನಲ್ಲಿ ತೊಳೆದ. ಹವಳವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ನೀಲಾವತಿ ಸಮುದ್ರದ ನೀರನ್ನು ಸುರಿಯುತ್ತಿರಲು, ಬಣ್ಣ ಮುಗಿಯುವ ಗೆರೆಯಿಂದ ಒಂದು ಕೂದಲಿನಷ್ಟು ಬಿಳಿಯ ಕಡೆಗೆ ಸರಿದು ಕೊಯ್ದ. ಬಿಳಿಯ ಭಾಗವನ್ನು ತೊಳೆದು ಬಿಸಿಲಿಗಿಟ್ಟು ಬೋಜಮ್ಮನ ಮನೆಗೆ ತಲುಪಿಸಿದ. ಅದು ಅವಳ ಬೀರುವಿನಲ್ಲಿ ಚೆನ್ನಾಗಿಯೇ ಕಂಡಿತು.

ತೊಟ್ಟಿಗೆ ಮರಳಿದ ಅರ್ಧ ಹವಳ ಮೈ ಬಿಗಿದುಕೊಂಡು ಕುಳಿತಿತು. ವಾರ ಕಳೆದರೂ ಬಾಯಿ ತೆರೆಯಲಿಲ್ಲ. ಪೂವಯ್ಯ ಟ್ಯೂಬಿಗೆ ಗಾಳಿ ತುಂಬುವುದನ್ನೂ ನೀರು ನೋಡುವುದನ್ನೂ ಬಿಡಲಿಲ್ಲ. ಆದರೆ ಸಂಜೆ ಅದರ ಮುಂದೆ ಕೂರುವುದನ್ನು ಬಿಟ್ಟಿದ್ದ.

ಒಕ್ಕಲಿನ ಗಲಾಟೆ ಮುಗಿದ ಮೇಲೆ, ಒಂದು ಸಂಜೆ ಬೋಜಮ್ಮ ಹೋಳಿಗೆ ಹಿಡಿದುಕೊಂಡು ತಂಗಿಯನ್ನು ಸಮಾಧಾನಪಡಿಸಲು ಬಂದಳು. ನಾನೂ ಅಲ್ಲಿದ್ದೆ. ನೀಲಾವತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬೋಜಮ್ಮ ನಡುಮನೆಯಲ್ಲಿ ನಿಂತು, ಮಾಡುವುದಕ್ಕೆ ಬೇರೇನೂ ಇಲ್ಲದೆ ತೊಟ್ಟಿಯ ಕಡೆ ನೋಡಿದಳು. ನೋಡುತ್ತಿದ್ದವಳು ಬಗ್ಗಿದಳು. ಕಂದುಬಣ್ಣದ ಮೈಯಿಂದ, ಕೊಯ್ದ ಅಂಚಿನವರೆಗೂ, ಸಣ್ಣ ಬೆರಳುಗಳು ಹೊರಗೆ ಬಂದು ನೀರಿನಲ್ಲಿ ತಡಕುತ್ತಿದ್ದುವು. ಅವಳು ಅದನ್ನು ಸಂಜೆಯ ಹೊತ್ತು ಕಂಡದ್ದು ಅದೇ ಮೊದಲು. ಪೂವಯ್ಯ ಎದ್ದು ಬಂದು ಅವಳ ಹಿಂದೆ ನಿಂತ.

ಬೋಜಮ್ಮ ತಿರುಗದೆಯೇ, ದನಿ ತಗ್ಗಿಸಿ ಕೇಳಿದಳು.

“ಇದ್ಕೆ ತಿಂಬಕೆ ಎಂತ ಹಾಕುದು?”

ಸೀಗಡಿ ಎಂದು ನೀಲಾವತಿ ಒಳಗಿನಿಂದ ಹೇಳಿದಳು. ಮುಂದಿನ ಸಂತೆಗೆ ಬಂದಾಗ ಬೋಜಮ್ಮನ ಕೈಯಲ್ಲಿ ಕೆಸುವಿನ ಎಲೆಯಲ್ಲಿ ಕಟ್ಟಿದ ಸೀಗಡಿಯ ಪೊಟ್ಟಣವಿತ್ತು.