ಕುಬಸದ ದಿನ ಜಮಖಾನದ ಕೆಳಗಿನ ಪೆಡಲು

ಫೋಟೊದಲ್ಲಿ ಒಡ್ಡೊಡ್ಡಾಗಿ ಕಾಣುತ್ತದೆಂದು ಪೆಡಲನ್ನು ಜಮಖಾನದ ಕೆಳಗೆ ಬಚ್ಚಿಟ್ಟೆ. ನನ್ನ ಜೀವನದ ಅತಿ ದೊಡ್ಡ ದಡ್ಡತನ ಇದೇ ಎಂದರೆ ಮನೆಯವರು ಒಪ್ಪುವುದಿಲ್ಲ. ಅವರ ಹತ್ತಿರ ಬೇರೆ ಉದಾಹರಣೆಗಳಿವೆ. ಆದರೆ ಬಬಲೇಶ್ವರದಲ್ಲಿ ಅಕ್ಕನ ಕುಬಸದ ದಿನ, ಅಂದರೆ ಸೀಮಂತದ ದಿನ, ಓಣಿಯ ಹೆಂಗಸರೆಲ್ಲರ ಮುಂದೆ, ಅವಳ ಗಂಡನ ಹೆಸರನ್ನು ಸ್ಪೀಕರಿನಲ್ಲಿ ತಾಳಬದ್ಧವಾಗಿ ಕೂಗಿಸಿದ ಕೀರ್ತಿ ಈ ಒಂದು ದಡ್ಡತನಕ್ಕೇ ಸೇರಬೇಕು.

ಲೈವ್ ಲೂಪಿಂಗ್ ಎಂದರೆ ಒಬ್ಬನೇ ಕುಳಿತು ಹತ್ತು ಜನರ ಗದ್ದಲ ಮಾಡುವ ವಿದ್ಯೆ. ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರು, ಎದುರಿಗೆ ಮೈಕು, ಕಾಲ ಬಳಿ ಪೆಡಲು. ಪೆಡಲನ್ನು ಒಮ್ಮೆ ತುಳಿದರೆ ರೆಕಾರ್ಡಿಂಗ್ ಶುರು. ಮತ್ತೆ ತುಳಿದರೆ ಅಲ್ಲಿಯವರೆಗೆ ಹಿಡಿದ ಸದ್ದು ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಇನ್ನೊಮ್ಮೆ ತುಳಿದರೆ ಅದರ ಮೇಲೆ ಹೊಸ ಸದ್ದಿನ ಪದರ. ನಿಲ್ಲಿಸಬೇಕಾದರೆ ಬೇಗ ಬೇಗ ಎರಡು ಸಲ ತುಳಿಯಬೇಕು. ವಿಡಿಯೋ ನೋಡಿ ಇಷ್ಟನ್ನೂ ಒಂದೇ ಮಧ್ಯಾಹ್ನದಲ್ಲಿ ಕಲಿತೆ, ನಿಲ್ಲಿಸುವುದೊಂದನ್ನು ಬಿಟ್ಟು.

ಮೊದಮೊದಲು ನಾನು ಡೋಲಕ್ ಬಾರಿಸಿದರೆ ಲ್ಯಾಪ್‌ಟಾಪು ತುಸು ಯೋಚನೆ ಮಾಡಿ ಆಮೇಲೆ ಸದ್ದು ಹೊರಡಿಸುತ್ತಿತ್ತು. ಸೆಟ್ಟಿಂಗಿನಲ್ಲಿ ಬಫರ್ ಎಂಬುದನ್ನು ಇಳಿಸಬೇಕೆಂದು ಯಾರಿಗೆ ಗೊತ್ತು? ತಪ್ಪು ನನ್ನ ಕೈಯದೇ ಎಂದುಕೊಂಡು ತಾಳಕ್ಕಿಂತ ಮುಂಚೆಯೇ ಬಾರಿಸುವ ಅಭ್ಯಾಸ ಮಾಡಿದೆ. ಅಭ್ಯಾಸ ಎಷ್ಟು ಬಲಿಯಿತೆಂದರೆ, ಅವ್ವ ಅಕ್ಕಿಗೆ ನೀರು ಹಾಕುವ ಮುಂಚೆಯೇ ನಾನು ತಾಟಿನ ಮುಂದೆ ಕೂತಿರುತ್ತಿದ್ದೆ.

ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ಒಳ್ಳೆಯ ತಾಳ ಅವ್ವನದು. ಅಡುಗೆಮನೆಯಲ್ಲಿ ಮೈಕಿಟ್ಟು ಅವಳು ಜೋಳದ ರೊಟ್ಟಿ ಬಡಿಯುವ ಸದ್ದು ಹಿಡಿದೆ. ತಪ್ ತಪ್ ತಪ್, ಒಂದು ತಿರುವು, ನಡುವೆ ಬಳೆಗಳ ಕಿಣಿ. ಅದನ್ನು ಮಾಳಿಗೆಯ ಕೋಣೆಯಲ್ಲಿ ಹಗಲಿಡೀ ಸುತ್ತಿಸಿದೆ. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ ಅವ್ವನನ್ನು ಕೇಳಿದಳು:

“ಏನ್ರೀ ಅಕ್ಕಾರ, ಮುಂಜಾನಿಂದ ರೊಟ್ಟಿ ಬಡ್ಯಾಕತ್ತೀರಿ, ಯಾರದರ ಲಗ್ನ ಐತೇನ?”

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮರುದಿನ ಅಕ್ಕನ ಅತ್ತೆ ಬಬಲೇಶ್ವರದಿಂದ ಸಂತೆಗೆ ಬಂದವರು ನಮ್ಮಲ್ಲಿ ಉಂಡು ಅಡ್ಡಾಗಿದ್ದರು. ಅವ್ವ ಬಜಾರಿಗೆ ಹೋಗಿದ್ದಳು, ನಾನು ಮಾಳಿಗೆಯಲ್ಲಿ ಮತ್ತೆ ಅದೇ ಲೂಪು ಹಚ್ಚಿದ್ದೆ. ಅತ್ತೆಗೆ ಎಚ್ಚರವಾದಾಗ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಬೀಗತಿ ಒಬ್ಬಳೇ ದುಡಿಯುತ್ತಿದ್ದಾಳೆ, ಕೈ ಹಚ್ಚೋಣವೆಂದು ಅಡುಗೆಮನೆಗೆ ಹೋದರು. ಒಲೆ ಆರಿತ್ತು. ಹಂಚು ತಣ್ಣಗಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ರೊಟ್ಟಿ ಮಾತ್ರ ಬಡಿಯುತ್ತಲೇ ಇತ್ತು.

ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಓಡಿದರೆಂದು ಜನ ಹೇಳುತ್ತಾರೆ. ನನಗೆ ಕೇಳಿಸಿದ್ದು ಬಾಗಿಲು ಬಡಿದುಕೊಂಡ ಸದ್ದು. ಚೆನ್ನಾಗಿತ್ತು, ಅದನ್ನೂ ಲೂಪಿಗೆ ಸೇರಿಸಿಕೊಂಡೆ.

ಆಗ ಅಕ್ಕ ಬಸುರಿ. ಮೊದಲ ಹೆರಿಗೆ ತವರಿನಲ್ಲಾಗುವುದು ನಮ್ಮಲ್ಲಿ ಪದ್ಧತಿ. ಅಕ್ಕನಿಗೆ ಅದು ಪದ್ಧತಿಗಿಂತ ಹೆಚ್ಚು. ಅವ್ವನ ಮಗ್ಗುಲಲ್ಲೇ ಮಲಗಬೇಕು, ಅವ್ವನೇ ನೀರು ಎರೆಯಬೇಕು ಎಂದು ಫೋನಿನಲ್ಲಿ ಅಳುತ್ತಿದ್ದಳು. ಅತ್ತೆಯದು ಒಂದೇ ಹಟ:

“ಆ ಮನ್ಯಾಗ ಒಲಿ ಆರಿದ್ರೂ ರೊಟ್ಟಿ ಬಡೀತಾವು. ಅಲ್ಲಿ ನನ್ನ ಮೊಮ್ಮಗನ್ನ ಮಲಗಸೂದಿಲ್ಲ ನಾ.”

ಅದು ದೆವ್ವವಲ್ಲ, ನಮ್ಮ ಮಗ ಎಂದು ಅವ್ವ ತಿಳಿಸಿ ಹೇಳಿದ ಮೇಲೆ ಅವರ ಹಟ ಇನ್ನಷ್ಟು ಗಟ್ಟಿಯಾಯಿತು. “ದೆವ್ವ ಆಗಿದ್ರ ಬಿಡಸಬಹುದಿತ್ತು,” ಎಂದರಂತೆ.

ಕುಬಸದ ದಿನ ಬೀಗತಿಯನ್ನು ಒಪ್ಪಿಸಿಯೇ ಬರುವುದೆಂದು ಅವ್ವ ಗಟ್ಟಿ ಮಾಡಿದಳು. ನನಗೆ ಕೊಟ್ಟ ಆಜ್ಞೆ ಸಣ್ಣದು: “ಆ ಡಬ್ಬಿ ಮನ್ಯಾಗ ಬಿಟ್ಟ ಬಾ. ಬಾಯಿ ಮುಚಗೊಂಡು ಹೋಳಗಿ ಬಡಸು, ಸಾಕು.”

ಲ್ಯಾಪ್‌ಟಾಪೆಂಬ ಆ ಡಬ್ಬಿ ಮನೆಯಲ್ಲಿದ್ದರಲ್ಲವೇ ಬಿಟ್ಟುಬರುವುದು! ರೊಟ್ಟಿಯ ಪ್ರಕರಣವಾದ ಮೇಲೆ ಅವ್ವ ನನ್ನನ್ನೂ ಅದನ್ನೂ ಹೊರಹಾಕಿದ್ದಳು. ನಾವಿಬ್ಬರೂ ತಿಕೋಟಾದ ಗೆಳೆಯನ ದ್ರಾಕ್ಷಿ ತೋಟ ಸೇರಿದ್ದೆವು. ಅಲ್ಲಿ ಹಕ್ಕಿ ಓಡಿಸಲು ಒಂದು ದೊಡ್ಡ ಸ್ಪೀಕರಿತ್ತು. ನನ್ನ ಲೂಪನ್ನು ಅದಕ್ಕೆ ಹಚ್ಚಿದ ದಿನ ತೋಟದಲ್ಲಿ ಒಂದು ಗುಬ್ಬಿಯೂ ಉಳಿಯಲಿಲ್ಲ. ಗೆಳೆಯ ಕೈ ಮುಗಿದ. “ದಿನಾ ಬಾ ಲೇ. ಪಟಾಕಿಗಿ ಅಂಜಲಾರದ ಹಕ್ಕಿ ನಿನ್ನ ಹಾಡಿಗಿ ಊರ ಬಿಟ್ಟಾವು.” ಕುಬಸಕ್ಕೆ ಹೋಗಲು ನಾನು ಅವನ ಗಾಡಿಯನ್ನೇ ಕೇಳಿದೆ. ಅವನು ಸ್ಪೀಕರನ್ನೂ ಹಿಂದೆ ಕಟ್ಟಿಕೊಟ್ಟ. ಡಬ್ಬಿ, ಮೈಕು, ಪೆಡಲು ಹೇಗೂ ನನ್ನ ಚೀಲದಲ್ಲೇ ಇದ್ದವು, ಬೇಡವೆನ್ನಲು ಬಾಯಿ ಬರಲಿಲ್ಲ.

ಬಬಲೇಶ್ವರದ ಅತ್ತೆಮನೆಯ ಪಡಸಾಲೆಯಲ್ಲಿ ಅಕ್ಕ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ಇಟ್ಟು ಕುಳಿತಿದ್ದಳು. ಹಾಡಲು ಒಬ್ಬ ಅಜ್ಜಿ ಬಂದಿದ್ದರು. ಅವರ ಹಿಂದೆ ದನಿಗೂಡಿಸುವವರೆಲ್ಲ ಲಗ್ನವೊಂದಕ್ಕೆ ಹೋಗಿಬಿಟ್ಟಿದ್ದರು.

“ಒಬ್ಬಾಕಿನ ಹ್ಯಾಂಗ ಹಾಡ್ಲಿಬೇ? ನನ್ನ ಹಿಂದ ಹಿಡ್ಯಾಕ ಯಾರದಾರ?” ಎಂದು ಅಜ್ಜಿ ಗೊಣಗಿದರು.

“ನಾ ಅದೇನಿ ಅಜ್ಜಿ. ನಿಮ್ಮೊಬ್ಬರನ್ನ ಓಣಿ ತುಂಬ ಮಂದಿ ಮಾಡ್ತೇನಿ,” ಎಂದುಬಿಟ್ಟೆ. ಅವ್ವ ಹಣೆ ಹಿಡಿದುಕೊಂಡಳು.

ಆಶ್ಚರ್ಯವೆಂದರೆ ಅದು ನಡೆಯಿತು. ಅಜ್ಜಿ ಒಂದು ಸೊಲ್ಲು ಹಾಡಿದರು, ನಾನು ಪೆಡಲು ತುಳಿದೆ, ಸ್ಪೀಕರು ಅದನ್ನೇ ತಿರುಗಿ ಹಾಡಿತು. ಅಜ್ಜಿ ಬೆಚ್ಚಿ ಸುತ್ತ ನೋಡಿದರು. “ಯಾರಬೇ ಇಕಿ? ನನಗಿಂತ ಛಲೋ ಹಾಡ್ತಾಳ!” ಎಂದು ಹಟ ತೊಟ್ಟು, ತಮ್ಮ ದನಿಯನ್ನೇ ಸೋಲಿಸಲು ಕುಳಿತರು. ಅತ್ತೆಯ ತುಟಿ ಕೂಡ ತುಸು ಸಡಿಲಾಯಿತು. ಇದೇ ಹೊತ್ತೆಂದು ಅವ್ವ ಮೆಲ್ಲಗೆ ಅವರ ಕಡೆ ಸರಿದಳು. ನಾನು ಎರಡು ಸಲ ತುಳಿದು ಲೂಪು ನಿಲ್ಲಿಸಿದೆ. ನಿಂತಿತು! ಆ ಖುಷಿಯಲ್ಲಿ, ಫೋಟೊದಲ್ಲಿ ಕಾಣದಿರಲೆಂದು ಪೆಡಲನ್ನು ಜಮಖಾನದ ಕೆಳಗೆ ತಳ್ಳಿ, ಮೈಕನ್ನು ಅಕ್ಕನ ಮುಂದೆಯೇ ಬಿಟ್ಟು, ಹೋಳಿಗೆ ಬಡಿಸಲು ಎದ್ದೆ.

ಆಮೇಲೆ ಒಡಪಿನ ಸರದಿ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಇಂಥ ಕಾರ್ಯದಲ್ಲಿ ಎಲ್ಲರೂ ಗಂಟುಬಿದ್ದಾಗ, ಪ್ರಾಸ ಕಟ್ಟಿ, ಅದರ ನಡುವೆ ಹೆಸರಿಟ್ಟು, ನಾಚಿಕೊಂಡು ಒಂದು ಸಲ ಹೇಳಿ ಮುಗಿಸುತ್ತಾಳೆ. ಭಾವನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ‘ಇಂಥವರು’ ಎಂದು ಓದಿಕೊಳ್ಳಿ.

ಅಕ್ಕ ತಲೆ ತಗ್ಗಿಸಿ ಶುರು ಮಾಡಿದಳು: “ಬೆಳ್ಳಿ ತಾಟಿನ್ಯಾಗ ಬಾಳಿಹಣ್ಣ ಹೆಚ್ಚೇನಿ…”

ಅದೇ ಗಳಿಗೆಗೆ ಅತ್ತೆ ಉಡಿ ತುಂಬಲು ಒಂದು ಹೆಜ್ಜೆ ಮುಂದೆ ಬಂದರು. ಜಮಖಾನದ ಕೆಳಗೆ ಟಕ್ ಎಂದಿತು.

“…ಇಂಥವರು ಸಿಟ್ಟಿಗೆದ್ದರೂ…”

ಅತ್ತೆ ಕಾಲು ಬದಲಿಸಿದರು. ಟಕ್.

“…ನಾ ಅವರನ್ನ ಮೆಚ್ಚೇನಿ,” ಎಂದು ಅಕ್ಕ ಒಡಪು ಮುಗಿಸಿದಳು. ಮೆಚ್ಚಿದ್ದು ಯಾರಿಗೂ ಕೇಳಿಸಲಿಲ್ಲ. ಹಕ್ಕಿ ಓಡಿಸುವ ಸ್ಪೀಕರು ಅಷ್ಟರಲ್ಲಿ ಬಾಯಿ ತೆರೆದಿತ್ತು: “ಇಂಥವರು ಸಿಟ್ಟಿಗೆದ್ದರೂ! ಇಂಥವರು ಸಿಟ್ಟಿಗೆದ್ದರೂ! ಇಂಥವರು ಸಿಟ್ಟಿಗೆದ್ದರೂ!”

“ಅಯ್ಯ, ಎಷ್ಟ ಸಿಟ್ಟಿಗೇಳ್ತಾನಬೇ ಇಂವ!” ಎಂದಳು ಹಿಂದಿನಿಂದ ಒಬ್ಬಾಕೆ.

ಅತ್ತೆ ಗಾಬರಿಯಿಂದ ಹಿಂದೆ ಜಿಗಿದರು. ಟಕ್. “ನನ್ನ ಮಗಾ ಸಿಟ್ಟಿನಾಂವ ಅಲ್ಲ!” ಎಂದು ಒದರಿದರು. ಅದೂ ಒಂದು ಪದರವಾಗಿ ಸೇರಿತು. ಈಗ ಸ್ಪೀಕರಿನಲ್ಲಿ ಸೊಸೆ ಅತ್ತೆಯರ ಜಗಳ ತಾಳ ಹಿಡಿದು ನಡೆಯಿತು: ಇಂಥವರು ಸಿಟ್ಟಿಗೆದ್ದರೂ, ನನ್ನ ಮಗಾ ಸಿಟ್ಟಿನಾಂವ ಅಲ್ಲ, ಇಂಥವರು ಸಿಟ್ಟಿಗೆದ್ದರೂ, ನನ್ನ ಮಗಾ ಸಿಟ್ಟಿನಾಂವ ಅಲ್ಲ. ಅಜ್ಜಿ ಚಪ್ಪಾಳೆ ಹಾಕತೊಡಗಿದರು.

ನಾನು ಪ್ಲಗ್ಗು ಕಿತ್ತೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು. ಸ್ಪೀಕರಿಗೂ ಇತ್ತು, ಕರೆಂಟು ಹೋಯಿತೆಂದು ಹಕ್ಕಿಗಳು ರಜೆ ಹಾಕುತ್ತವೆಯೇ?

“ಅತ್ತಿಯವರ, ಲಗೂನ ಎರಡ ಸಲ ತುಳೀರಿ!” ಎಂದು ಕೂಗಿದೆ. ಅವರು ಚೇಳನ್ನು ತುಳಿಯುವವರ ಹಾಗೆ ಒಂದು ಸಲ ತುಳಿದು, ನಿಂತು, ನನ್ನನ್ನು ದಿಟ್ಟಿಸಿ, “ಬಂದ್ ಮಾಡೋ ಹುಚ್ಚಪ್ಪಾ!” ಎಂದರು. ಹುಚ್ಚಪ್ಪನೂ ಲೂಪಿನಲ್ಲಿ ಸೇರಿಕೊಂಡ.

ಆಗ ಭಾವ ಬಂದ. ಅಂಗಳದ ಪೆಂಡಾಲಿನಲ್ಲಿ ಉಣ್ಣುತ್ತಿದ್ದವನು, ಕೈ ಸಹ ತೊಳೆಯದೆ, ಮುಖ ಕೆಂಪಗೆ ಮಾಡಿಕೊಂಡು ಬಾಗಿಲಲ್ಲಿ ನಿಂತು ಗುಡುಗಿದ: “ಯಾರದು ನನ್ನ ಹೆಸರ ಹಿಡಿದು ಒಂದೇ ಸವನ ಒದರಾಕತ್ತೀರಿ? ಬಂದೆ ಅಂದ್ರೂ ಕೇಳೂದಿಲ್ಲಾ?” ಅವನ ಬೆನ್ನಿಗೇ ಸ್ಪೀಕರು, ಅವನ ಅವ್ವನ ದನಿಯಲ್ಲಿ, ಅವನು ಸಿಟ್ಟಿನವನಲ್ಲ ಎಂದು ಸಾರಿತು.

ಹೆಂಗಸರು ನಕ್ಕು ಒಬ್ಬರ ಮೇಲೊಬ್ಬರು ಉರುಳಿದರು. ಕೊನೆಗೆ ಅಕ್ಕನೇ ಎದ್ದು, ಉಡಿಯ ಕೊಬ್ಬರಿ ಬೀಳದಂತೆ ಸೆರಗು ಹಿಡಿದು, ನಡೆದು ಬಂದು ಲ್ಯಾಪ್‌ಟಾಪನ್ನು ರೊಟ್ಟಿ ಡಬ್ಬಿಯ ಹಾಗೆ ಟಪ್ಪೆಂದು ಮುಚ್ಚಿದಳು. ಮುಚ್ಚಿದರೆ ನಿಲ್ಲುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ನಕ್ಕ ನೀರೋ ಎಂದು ನೋಡುವಷ್ಟರಲ್ಲಿ, “ನನ್ನ ಬಾಣಂತನ ತಿಂದ್ಯಲ್ಲೋ ಲೇ,” ಎಂದಳು.

ಅತ್ತೆ ಒಳಗೆ ಹೋದರು. ಅವ್ವ ಅವರ ಹಿಂದೆ ಹೋಗಿ ಬಾಗಿಲಲ್ಲೇ ನಿಂತು ತಿರುಗಿ ಬಂದಳು. ಆಮೇಲೆ ಹೋಳಿಗೆ ಬಡಿಸಿದ್ದು ನಾನೇ, ಆದರೆ ಯಾರಿಗೆ ತುಪ್ಪ ಹಾಕಿದೆ, ಯಾರಿಗೆ ನೀರು ಹಾಕಿದೆ ಎಂಬುದು ನೆನಪಿಲ್ಲ.

ಹೊರಡುವ ಹೊತ್ತಿಗೆ ಅತ್ತೆ ನನ್ನೊಬ್ಬನನ್ನೇ ಹಿತ್ತಲಿಗೆ ಕರೆದರು. ನಾನು ಕಾಲಿಗೆ ಬೀಳಲು ಬಗ್ಗಿದೆ. ಅವರು ಭುಜ ಹಿಡಿದು ಎತ್ತಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು:

“ನಿಮ್ಮಕ್ಕನ್ನ ಕಳಸ್ತೇನಿ, ತಮ್ಮಾ. ನನ್ನ ಮಗನ ಸಿಟ್ಟ ಇವತ್ತ ಊರೆಲ್ಲಾ ಕೇಳೇತಿ. ಈಗ ನಾ ಒಲ್ಲೆ ಅಂದ್ರ, ಸಿಟ್ಟಿನ್ಯಾಗ ಮಗಾ ಅವ್ವನಂಗ ಅದಾನ ಅಂತಾರ ಮಂದಿ. ಆದ್ರ ಅಕಿ ಅಲ್ಲಿ, ನೀ ಇಲ್ಲಿ. ಬಾಣಂತನ ಮುಗಿಯೂ ತನಕಾ ಆ ಮನಿ ಕಡೆ ಹಾಯಬ್ಯಾಡ. ಕೊಟ್ಟಿಗಿ ಮಗ್ಗಲದ ಖೋಲಿ ಖಾಲಿ ಐತಿ, ಡಬ್ಬಿ ತಗೊಂಡು ಬಾ. ಎಷ್ಟ ಬೇಕಾದ್ರೂ ಬಾರಿಸು. ನಮ್ಮ ಎಮ್ಮಿಗಿ ಕಿವಿ ಕೇಳಸೂದಿಲ್ಲ.”