ಅಣ್ಣ ಕೊಟ್ಟ ರಕ್ತ

ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷವಾಗಿತ್ತಷ್ಟೆ. ಇರಕಲ್ಲಗಡಕ್ಕೆ ಕೊಟ್ಟಿದ್ದ ನನ್ನ ತಂಗಿಯ ಮಗನಿಗೆ ಕೈಕಾಲು ಬಾತಿದ್ದವು, ಎತ್ತಿಕೊಂಡರೂ ಅಳುತ್ತಿದ್ದ. ರಕ್ತಕಣ ಕುಡುಗೋಲಿನಂತೆ ಬಾಗುವ ಕಾಯಿಲೆ ಇರಬಹುದು, ತಂದೆ, ತಾಯಿ, ಮಗು ಮೂವರೂ ದೊಡ್ಡಾಸ್ಪತ್ರೆಗೆ ಹೋಗಿ ಡಿಎನ್‌ಎ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು.

ಅಲ್ಲಿ ಡಿಎನ್‌ಎಯನ್ನು ಕತ್ತರಿಸಿ, ಹೆಪ್ಪುಗಟ್ಟಿದ ಗಂಜಿಯಂಥ ಜೆಲ್‌ನಲ್ಲಿಟ್ಟು ಕರೆಂಟು ಹಾಯಿಸುತ್ತಾರೆ. ಒಳ್ಳೆಯ ಜೀನು ತುಂಡಾಗಿ ಕೆಳಕ್ಕೆ ಓಡುತ್ತದೆ. ಕೆಟ್ಟದ್ದು ತುಂಡಾಗದೆ ಮೇಲೆಯೇ ಗೆರೆಯಾಗಿ ನಿಲ್ಲುತ್ತದೆ. ತಂಗಿಯ ಸಾಲಿನಲ್ಲಿ ಮೇಲೂ ಕೆಳಗೂ ಗೆರೆ. ಮಗುವಿನದರಲ್ಲಿ ಮೇಲಿನದಷ್ಟೆ. ತಂದೆಯ ಸಾಲಿನಲ್ಲಿ ಕೆಳಗಿನದು ಮಾತ್ರ.

“ಮಗುವಿಗೆ ಕೆಟ್ಟ ಜೀನು ತಂದೆ, ತಾಯಿ ಎರಡೂ ಕಡೆಯಿಂದ ಬಂದಿರಬೇಕು. ಇದು ಹೊಂದಲ್ಲ, ಮತ್ತೊಮ್ಮೆ ರಕ್ತ ಕೊಡಿ” ಎಂದರಂತೆ ಅಲ್ಲಿಯವರು. ಹೊಂದಲ್ಲ ಎಂದದ್ದಷ್ಟೇ ಆ ಮನೆಗೆ ಕೇಳಿಸಿತು. ತಂಗಿಯ ಅತ್ತೆ ನಳದ ಕಟ್ಟೆಯ ಮೇಲೆ ನಿಂತು, “ನಮ್ಮ ರಕ್ತ ಹಾಲಿನಂಗ ಐತಿ. ಆ ಕೂಸು ಯಾರದೋ ಏನೋ!” ಅಂದಳು. ತಂಗಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕುಷ್ಟಗಿಗೆ, ನಮ್ಮ ಮನೆಗೆ ಬಂದಳು. ತಾನೂ ಮಗುವೂ ಮೊದಲೇ ರಕ್ತ ಕೊಟ್ಟಿದ್ದಾಗಿ, ಗಂಡ ಬೇರೊಂದು ದಿನ ಹೋಗಿ ಕೊಟ್ಟುಬಂದೆನೆಂದು ಹೇಳಿದ್ದಾಗಿ ತಿಳಿಸಿದಳು.

ಮೈಯೆಲ್ಲ ಉರಿದುಹೋಯಿತು. ಮರುದಿನವೇ ಇರಕಲ್ಲಗಡಕ್ಕೆ ಹೋಗಿ ಕೇಳಿದೆ. “ರಕ್ತ ಕೊಟ್ಟೋರು ಯಾರು?”

“ನಾನ ಕೊಟ್ಟೀನ್ರಿ ಅಕ್ಕಾ” ಎಂದ ತಂಗಿಯ ಭಾವ, ಅವಳ ಗಂಡನ ಅಣ್ಣ, ತಂಬಾಕು ತಿಕ್ಕುತ್ತ. “ತಮ್ಮಗ ಗಂಗಾವತಿ ಕಡೆ ನಾಟಿ ಹಂಗಾಮ, ಟ್ರ್ಯಾಕ್ಟರ್ ಬಿಟ್ಟು ಬರಾಕ ಆಗಲಿಲ್ಲ. ಒಂದ ಹೊಟ್ಟ್ಯಾಗ ಹುಟ್ಟೇವಿ, ರಕ್ತ ಬ್ಯಾರೆ ಇರತೈತೇನ್ರಿ?”

ಆ ಮನೆಯಲ್ಲಿ ಅದು ರೂಢಿ. ಗೊಬ್ಬರದ ಸರತಿಗೆ ಅಣ್ಣ, ಮದುವೆ ಮುಯ್ಯಕ್ಕೆ ತಮ್ಮ, ಯಾರು ಹೋದರೂ ನಡೆಯುತ್ತಿತ್ತು.

“ಹಂಗಾದ್ರ ನಿಮಗ ಹಲ್ಲುನೋವು ಬಂದಾಗ ತಮ್ಮನ ಹಲ್ಲು ಕೀಳಸ್ರಿ!” ಎಂದೆ.

ಭಾವನದು ದಡ್ಡತನ, ಬಿಡಿ. ತಂಗಿಯ ಗಂಡನಿಗೆ ಎಲ್ಲ ಗೊತ್ತಿತ್ತು. ಓಣಿಯಲ್ಲಿ ಹೆಂಡತಿಯ ಮಾನ ಹರಾಜಾಗುವಾಗಲೂ ಅವನು ಬಾಯಿ ಬಿಡಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಅವನನ್ನು ನಾನೇ ಬಸ್ಸು ಹತ್ತಿಸಿ ಕರೆದೊಯ್ದೆ. ಹೊಸ ಜೆಲ್‌ನಲ್ಲಿ ಅವನ ಸಾಲೂ ತಂಗಿಯದರಂತೆಯೇ ಬಂತು, ಮೇಲೂ ಗೆರೆ, ಕೆಳಗೂ ಗೆರೆ.

ಅತ್ತೆ ಶೇಂಗಾ ಹೋಳಿಗೆಯ ಬುತ್ತಿ ಹಿಡಿದು ಬಂದಳು. “ಆಗಿದ್ದು ಆತು, ನಡಿಯವ್ವಾ.”

“ಅಂದಿದ್ದು ನಳದ ಕಟ್ಟಿ ಮ್ಯಾಲ, ಅತ್ತಿ” ಎಂದಳು ತಂಗಿ. “ಅಲ್ಲೇ ನಿಂತು ತಪ್ಪಾತು ಅನ್ರಿ. ಆಮ್ಯಾಲ ಬರ್ತೀನಿ.”

ಅತ್ತೆ ಮುಖ ಊದಿಸಿಕೊಂಡು ಹೋದಳು. ವಾರ ಕಳೆದು ಗಂಡ ಬಂದು ಹೊಸ್ತಿಲಲ್ಲೇ ನಿಂತ. “ಅವ್ವ ಅನ್ನಂಗಿಲ್ಲ. ಕಟ್ಟಿ ಮ್ಯಾಲ ನಿಂತು ತಪ್ಪಾತು ಅಂತ ನಾನ ಹೇಳಿ ಬಂದೀನಿ. ಕೊಡ ಹಿಡಕೊಂಡು ನಿಂತೋರೆಲ್ಲ ಕೇಳ್ಯಾರ.”

ತಂಗಿ ಮಗುವನ್ನು ಎತ್ತಿ ಅವನ ಕೈಗೆ ಕೊಟ್ಟು, ಚೀಲ ತುಂಬಲು ಒಳಗೆ ಹೋದಳು.